ಕುತ್ತಿಗೆಯಿಲ್ಲದವರು

ಬೆಳಕು ಹರಿಯುವ ಮುಂಚೆಯೇ ಉಣ್ಣೆಯಕ್ಕ ಡ್ರಮ್ಮಿಗೆ ನೀರು ತುಂಬಿಸಿದ್ದಳು, ಹಿಂದಿನ ದಿನದ ಪಾತ್ರೆಗಳನ್ನು ಒರೆಸಿ ಎತ್ತಿಟ್ಟಿದ್ದಳು, ಕಸದ ಬುಟ್ಟಿಯನ್ನು ಬಾಗಿಲಾಚೆ ದಾಟಿಸಿದ್ದಳು, ಹಾಲು ಕಾಯಿಸಿದ್ದಳು, ಮಗಳ ಯೂನಿಫಾರ್ಮಿಗೆ ಇಸ್ತ್ರಿ ಹಾಕಿದ್ದಳು, ಅತ್ತೆಯ ಮಾತ್ರೆಗಳನ್ನು ಬಟ್ಟಲಿಗೆ ಹಾಕಿಟ್ಟಿದ್ದಳು, ಗಂಡನ ಒಂಟಿ ಕಾಲುಚೀಲದ ಜೊತೆಗಾರನನ್ನು ಮಂಚದಡಿಯ ಕತ್ತಲೆಯಿಂದ ಎಳೆದು ತಂದಿದ್ದಳು, ತಿಂಡಿಗೆ ಹೆಚ್ಚಬೇಕಾದ್ದನ್ನೆಲ್ಲ ಹೆಚ್ಚಿದ್ದಳು. ಹೆಚ್ಚುತ್ತ ಹೆಚ್ಚುತ್ತ ದುಂಡಗಿನ ಈರುಳ್ಳಿಯೊಂದನ್ನು ಪಕ್ಕಕ್ಕಿಟ್ಟು, ಅದರ ನೆತ್ತಿಗೆ ಕೆಂಪು ಉಣ್ಣೆಯ ಟೊಪ್ಪಿ ತೊಡಿಸಿ, ಹೇಳಿ ಮಾಡಿಸಿದ ಹಾಗೆ ಕೂತಿತೆಂದು ಒಬ್ಬಳೇ ನಕ್ಕಿದ್ದಳು.

ಈರುಳ್ಳಿಯ ವಿಷಯಕ್ಕೆ ಆಮೇಲೆ ಬರೋಣ. ಎಲ್ಲ ಅನಾಹುತಕ್ಕೂ ಅದೇ ಮೂಲ.

ಬೀದಿಯವರೆಲ್ಲ ಅವಳನ್ನು ಉಣ್ಣೆಯಕ್ಕ ಎಂದು ಕರೆಯುತ್ತಿದ್ದುದಕ್ಕೆ ಕಾರಣವಿತ್ತು. ಉಣ್ಣೆಯ ಉಂಡೆಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ನಡೆಯುತ್ತಲೇ ಹೆಣೆಯುವವಳು ಅವಳು. ಹಾಲು ಉಕ್ಕುವಷ್ಟರಲ್ಲಿ ಅರ್ಧ ತೋಳು, ಕುಕ್ಕರ್ ಕೂಗುವಷ್ಟರಲ್ಲಿ ಒಂದು ಕಾಲರ್. ದಿನದ ಸಂದುಗೊಂದುಗಳಲ್ಲಿ ಉದುರಿದ ಚೂರುಪಾರು ಹೊತ್ತನ್ನು ಆಯ್ದು ಆಯ್ದು ಬಟ್ಟೆ ಮಾಡುತ್ತಿದ್ದಳು. ಇಷ್ಟು ವರ್ಷ ಅದನ್ನು ಯಾರೂ ಕೆಲಸವೆಂದು ಕರೆದಿರಲಿಲ್ಲ. ಹೇಗೂ ಕೂತಿರ್ತೀಯಲ್ಲ, ನನಗೊಂದು ಸ್ವೆಟರ್ ಹೆಣೆದುಕೊಡು ಎನ್ನುತ್ತಿದ್ದರು. ಅವಳು ಕೂತಿದ್ದನ್ನು ಕಂಡವರು ಯಾರೋ, ಯಾವಾಗ ಕಂಡರೋ, ದೇವರಿಗೇ ಗೊತ್ತು.

ಹೀಗಿರುವಾಗ ಮಗಳ ಶಿಶುವಿಹಾರದ ಮೇಡಂ ಒಂದು ಸಂಜೆ ಗೇಟಿನ ಬಳಿ ಅವಳನ್ನು ತಡೆದು ನಿಲ್ಲಿಸಿದರು. ಶಾಲೆಯ ಮಕ್ಕಳಲ್ಲಿ ಒಬ್ಬರಿಗೂ ತಮ್ಮ ಬಟ್ಟೆ ತಾವು ಹಾಕಿಕೊಳ್ಳಲು ಬರುತ್ತಿರಲಿಲ್ಲ.

"ನಿಮ್ಮ ಮಗಳನ್ನೇ ನೋಡಿ. ಕೋಟು ಹಾಕ್ಕೊ ಅಂದ್ರೆ ಮಹಾರಾಣಿ ಥರ ಎರಡೂ ಕೈ ಚಾಚಿ ನಿಂತ್ಕೋತಾಳೆ. ಗಂಡು ಮಕ್ಕಳ ವಿಷಯ ಅಂತೂ ಕೇಳಲೇಬೇಡಿ. ಈಗ ಕಲೀಲಿಲ್ಲ ಅಂದ್ರೆ ನಾಳೆ ಯಾರದೋ ಮನೆ ಹುಡುಗಿ ಬಂದು ಗುಂಡಿ ಹಾಕ್ಲಿ ಅಂತ ಕಾಯ್ತಾ ಕೂತ್ಕೋತಾರೆ. ಬಟ್ಟೆ ಬಿಚ್ಚಿ ಹಾಕೋ ಅಂಥ ಗೊಂಬೆ ಬೇಕು ನನಗೆ. ನೀವು ಮಾಡಿಕೊಡ್ತೀರಾ?"

ಸೋಮವಾರ ಬೆಳಿಗ್ಗೆ ಅರ್ಧ ಡಜನ್ ಗೊಂಬೆ ಬೇಕು. ಆಗದಿದ್ದರೆ ಅಂಗಡಿಯ ಪ್ಲಾಸ್ಟಿಕ್ ಗೊಂಬೆಗಳೇ ಗತಿ. ಆದರೆ ಅವುಗಳ ಬಟ್ಟೆಯನ್ನು ಮೈಗೇ ಅಂಟಿಸಿರುತ್ತಾರೆ ಎಂದು ಮೇಡಂ ಪೇಚಾಡಿದರು. ಅವರು ಮುಂದೆ ಹೇಳಿದ್ದೊಂದೂ ಉಣ್ಣೆಯಕ್ಕನಿಗೆ ಕೇಳಿಸಲಿಲ್ಲ. "ನೀವು ಮಾಡಿಕೊಡ್ತೀರಾ" ಎಂಬ ಮಾತೊಂದೇ ಅವಳ ಕಿವಿಯಲ್ಲಿ ಹತ್ತಿಯಂತೆ ಉಬ್ಬಿ ಕೂತಿತ್ತು. ಮನೆಯವರೆಗೂ ಅವಳು ನೆಲದಿಂದ ಗೇಣು ಮೇಲೆಯೇ ನಡೆದಳು.

ಮರುದಿನ ತಿಂಡಿಯ ಹೊತ್ತಿಗೆ, ಅಂದರೆ ಈರುಳ್ಳಿಗೆ ಟೊಪ್ಪಿ ತೊಡಿಸಿದ ಅದೇ ಬೆಳಿಗ್ಗೆ, ಅವಳು ಸೌಟು ಎತ್ತಿ ಹಿಡಿದು ಮನೆಯವರ ಮುಂದೆ ಘೋಷಿಸಿದಳು. ಅಂಗಿ, ಲಂಗ, ಚಡ್ಡಿ, ಕೋಟು, ಟೊಪ್ಪಿ, ಬೂಟು ಸಮೇತ ಅರ್ಧ ಡಜನ್ ಗೊಂಬೆ ಆಗುತ್ತದೆ. ಪ್ರತಿ ಗುಂಡಿಗೂ ಕಾಜಾ ಇರುತ್ತದೆ, ಪ್ರತಿ ಬೂಟಿಗೂ ದಾರ ಇರುತ್ತದೆ. ಮನೆಗೆಲಸ ಎಳ್ಳಷ್ಟೂ ನಿಲ್ಲುವುದಿಲ್ಲ. ಬೇಕಾದರೆ ಇವತ್ತಿನ ದಿನವನ್ನು ನೆನಪಿಟ್ಟುಕೊಳ್ಳಿ!

ಗಂಡನಿಗೆ ಗಡಿಯಾರ ರಿಪೇರಿಯ ಅಂಗಡಿಯಿತ್ತು. ಕೂದಲೆಳೆಯಷ್ಟು ಸಣ್ಣ ಸ್ಪ್ರಿಂಗನ್ನು ಚಿಮಟದಲ್ಲಿ ಹಿಡಿದು ಕೂರಿಸುವ ಗಟ್ಟಿಗ. ಮನೆಗೆಲಸ ನಿಲ್ಲುವುದಿಲ್ಲ ಎಂಬಷ್ಟನ್ನು ಮಾತ್ರ ಕೇಳಿಸಿಕೊಂಡು, ಸಮಾಧಾನದಿಂದ ತಟ್ಟೆಗೆ ಮರಳಿದ. ಅತ್ತೆ ಕೆಮ್ಮಿದರು. ಬಾಯಿ ಮುಚ್ಚದ ಮಗಳಿಗೆ ಮನೆಯಲ್ಲಿ ಚಿನಕುರಳಿ ಎಂದು ಹೆಸರು. ಅವಳು ತನಗೂ ಒಂದು ಗೊಂಬೆ ಬೇಕೆಂದಳು.

ಗೊಂಬೆಯ ಕೆಲಸದಲ್ಲಿ ಮೈ ಬೇರೆ, ಬಟ್ಟೆ ಬೇರೆ. ಬಟ್ಟೆ ಎಂದರೆ ಹಬೆಯಾಡುವ ಕನಸು. ಮಂಜಿನ ಬಣ್ಣದ ಲಂಗ, ಅದರ ಅಂಚಿಗೆ ಹಸಿರು ಬಳ್ಳಿ, ಕಡಲೆಕಾಳಿನಷ್ಟು ಗುಂಡಿ, ಬೆರಳು ತೂರದಷ್ಟು ಜೇಬು. ಹೆಣೆಯುವಾಗಲೇ ಆ ಜೇಬಿನಲ್ಲಿ ಏನಿಡಬಹುದೆಂದು ಯೋಚಿಸುತ್ತ ಎಲ್ಲಿಗೋ ಹೋಗಿಬಿಡಬಹುದು. ಮೈ ಎಂದರೆ ಬಿಸ್ಕತ್ತಿನ ಬಣ್ಣದ ಒಂದೇ ಉಣ್ಣೆ, ಸುತ್ತು, ಮತ್ತೆ ಸುತ್ತು, ಮತ್ತೂ ಸುತ್ತು. ಕಷ್ಟಪಟ್ಟು ಮುಗಿಸಿದರೆ ಅದರ ಮೇಲೆ ಬಟ್ಟೆ ಬಂದು ಕೂರುತ್ತದೆ. ನೆಲ ಒರೆಸಿದ ಹಾಗೆ ಅದು. ಒರೆಸಿದರೆ ಯಾರ ಕಣ್ಣಿಗೂ ಬೀಳುವುದಿಲ್ಲ, ಒರೆಸದಿದ್ದರೆ ಬಂದು ಹೋಗುವವರಿಗೆಲ್ಲ ಕಾಣುತ್ತದೆ. ಬೆಳಗಿನಿಂದ ಸಂಜೆಯವರೆಗೆ ಅಂಥ ಕೆಲಸವನ್ನೇ ಮಾಡುವ ಹೆಂಗಸು ತನಗೆಂದು ಸಿಕ್ಕ ಚೂರು ಹೊತ್ತಿನಲ್ಲೂ ಅದನ್ನೇ ಮಾಡಬೇಕೆ? ಮೈ ನಾಳೆಗಾಯಿತು ಎಂದುಕೊಂಡಳು. ನಾಳೆ ಬಂದಾಗ ಇನ್ನೊಂದು ಕೋಟು ಕರೆಯಿತು.

ಮೈಯೇ ಇಲ್ಲದೆ ಬಟ್ಟೆಯ ಅಳತೆ ಸಿಗುವುದು ಹೇಗೆ? ಅಲ್ಲೇ ಇರುವುದು ಉಣ್ಣೆಯಕ್ಕನ ಜಾಣತನ. ಹೆಣೆಯುತ್ತಿದ್ದುದು ಅಡುಗೆಮನೆಯಲ್ಲಿ, ಅಳತೆಗೆ ಕೈಗೆ ಸಿಕ್ಕಿದ್ದೂ ಅಡುಗೆಮನೆಯ ಸಾಮಾನೇ. ತಲೆಗೆ ಆ ಈರುಳ್ಳಿ. ಎದೆ, ಸೊಂಟಕ್ಕೆ ಅತ್ತೆಯ ಕೆಮ್ಮಿನ ಔಷಧಿಯ ಬಾಟಲಿ. ಬಾಟಲಿಗೆ ಕಾಲಿಲ್ಲವಾದ್ದರಿಂದ ಚಡ್ಡಿಗೆ ಬಟ್ಟೆ ಒಣಗಿಸುವ ಕ್ಲಿಪ್ಪು. ಎರಡು ಕಾಲು ಅಗಲಿಸಿ ನಿಲ್ಲುವುದರಲ್ಲಿ ಅದನ್ನು ಮೀರಿಸಿದವರಿಲ್ಲ. ಬೂಟಿಗೆ ಅವಳದೇ ಹೆಬ್ಬೆರಳು. ಒಂದೊಂದು ಬಟ್ಟೆಯೂ ಅದರದರ ಸಾಮಾನಿಗೆ ಅಚ್ಚುಕಟ್ಟಾಗಿ ಕೂತಿತು. ಇವೆಲ್ಲ ಕೊನೆಗೆ ಒಂದೇ ಮನುಷ್ಯನ ಮೈಮೇಲೆ ಬರಬೇಕು ಎಂಬುದೊಂದು ಅವಳ ತಲೆಗೆ ಹೊಳೆದಿರಲಿಲ್ಲ.

ಆ ವಾರವಿಡೀ ಮನೆ ಕನಸಿನಲ್ಲಿದ್ದ ಹಾಗಿತ್ತು. ನಸುಕಿನ ಮಬ್ಬಿನಲ್ಲಿ ಅಡುಗೆಮನೆಗೆ ಬಂದರೆ ಶೆಲ್ಫಿನ ಮೇಲೆ ಈರುಳ್ಳಿಗಳು ಟೊಪ್ಪಿ ಹಾಕಿಕೊಂಡು ಮಿಸುಕದೆ ಕೂತಿರುತ್ತಿದ್ದವು. ಕ್ಲಿಪ್ಪುಗಳು ಪಟ್ಟೆ ಚಡ್ಡಿ ತೊಟ್ಟು ತಂತಿಯ ಮೇಲೆ ಸಾಲಾಗಿ ತೂಗುತ್ತಿದ್ದವು. ಉಣ್ಣೆಯಕ್ಕ ಒಲೆ ಹಚ್ಚದೆ ಸ್ವಲ್ಪ ಹೊತ್ತು ಅವುಗಳನ್ನೇ ನೋಡುತ್ತ ನಿಲ್ಲುತ್ತಿದ್ದಳು. ತನ್ನನ್ನು ಏನೂ ಕೇಳದೆ, ಚೆಂದವಾಗಿ ಬಟ್ಟೆ ಹಾಕಿಕೊಂಡು, ಸುಮ್ಮನೆ ಜೊತೆಗಿರುವ ಜನ. ಅಂಥ ಸಂಸಾರವೂ ಇರಬಹುದು ಅನ್ನಿಸುತ್ತಿತ್ತು.

ಅತ್ತೆಗೆ ಮಾತ್ರ ಅದರಲ್ಲಿ ಯಾವ ಸೊಗಸೂ ಕಾಣಲಿಲ್ಲ. ಕೆಮ್ಮು ಒತ್ತರಿಸಿಕೊಂಡು ಬಂದು ಬಾಟಲಿಗೆ ಕೈ ಹಾಕಿದರೆ, ಅದು ಮಳೆಕೋಟು ತೊಟ್ಟು, ಕೊರಳವರೆಗೆ ಗುಂಡಿ ಹಾಕಿಕೊಂಡು ಕೂತಿರುತ್ತಿತ್ತು.

"ಔಷಧಿ ಕುಡಿಯೋಕೆ ಮೊದಲು ಅದರ ಬಟ್ಟೆ ಬಿಚ್ಚೋ ಹಣೆಬರಹ ನನ್ನದು," ಎಂದರು ಅತ್ತೆ. "ಇನ್ನು ಮಾತ್ರೆಗೆ ಚಡ್ಡಿ ಹಾಕೋದೊಂದು ಬಾಕಿ."

ಶನಿವಾರ ಸಂಜೆ ಕೊನೆಯ ಬೂಟಿಗೆ ದಾರ ಪೋಣಿಸಿ, ಉಣ್ಣೆಯಕ್ಕ ಬಟ್ಟೆಗಳನ್ನೆಲ್ಲ ಮಂಚದ ಮೇಲೆ ಹರಡಿದಳು. ಮಂಚ ತೋಟದಂತೆ ಕಂಡಿತು. ಗೊಂಬೆ ಒಂದೂ ಇರಲಿಲ್ಲ. ತೊಡಲು ಯಾರೂ ಇಲ್ಲದ ಅಷ್ಟು ಬಟ್ಟೆ, ಎಲ್ಲರೂ ಒಟ್ಟಿಗೆ ಎಲ್ಲಿಗೋ ಈಜಲು ಹೋದವರ ದಡದ ಹಾಗೆ.

ಬಿಸ್ಕತ್ತಿನ ಬಣ್ಣದ ಉಣ್ಣೆ ಎಳೆದುಕೊಂಡು ಕೂತು ಮೊದಲ ಗೊಂಬೆಯನ್ನು ಸರಸರನೆ ಹೆಣೆದಳು. ಸಾಮಾನ್ಯ ಗೊಂಬೆಗಿರುವ ಅಳತೆಯ ಗೊಂಬೆ. ಅಂಗಿ ಅದಕ್ಕೆ ಡೇರೆಯಾಯಿತು, ಚಡ್ಡಿ ತೊಡೆಯಲ್ಲೇ ಸಿಕ್ಕಿಹಾಕಿಕೊಂಡಿತು, ಟೊಪ್ಪಿ ಮೂಗಿನವರೆಗೆ ಇಳಿದು ಕಣ್ಣು ಮುಚ್ಚಿತು. ಅಷ್ಟೂ ಬಟ್ಟೆಯನ್ನು ಬಿಚ್ಚಿ ಮತ್ತೆ ಹೆಣೆಯಲು ಇನ್ನೊಂದು ವಾರ ಬೇಕು. ಉಳಿದದ್ದು ಒಂದೇ ದಾರಿ. ಬಟ್ಟೆಗೆ ತಕ್ಕ ಮನುಷ್ಯನನ್ನು ಮಾಡಬೇಕು.

ಮಾಡಿದಳು. ಬಾಟಲಿಯಂಥ ಎದೆ, ಬಾಟಲಿಯದೇ ಹೊಟ್ಟೆ. ಕ್ಲಿಪ್ಪಿನ ಸಣಕಲು ಕಾಲು. ಹೆಬ್ಬೆರಳಿನಂಥ ಪಾದ. ಬಾಟಲಿಗೇನೋ ತೆಳ್ಳನೆಯ ಕುತ್ತಿಗೆಯಿತ್ತು. ಆದರೆ ಆ ಕುತ್ತಿಗೆಯ ಮೇಲೆ ಈರುಳ್ಳಿಯಂಥ ತಲೆ ನಿಲ್ಲಲೊಪ್ಪದೆ ತೂಕಡಿಸಿ ಎದೆಗೆ ಬಿತ್ತು. ಕುತ್ತಿಗೆಯನ್ನೇ ತೆಗೆದುಹಾಕಿ ತಲೆಯನ್ನು ನೇರ ಭುಜದ ಮೇಲೆ ಕೂರಿಸಿದಳು. ಕೋಟು ತೊಡಿಸಿ ಮೇಜಿನ ಮೇಲೆ ನಿಲ್ಲಿಸಿದಳು. ಅದು ಕೈ ಮುಂದೆ ಮಾಡಿ, ಹೊಟ್ಟೆ ಬಿಟ್ಟು, ಏನನ್ನೋ ಒಪ್ಪದವರ ಹಾಗೆ ನಿಂತಿತು.

ಅತ್ತೆ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. ಅವರ ದನಿ ಮೆತ್ತಗಾಯಿತು.

"ನಿಮ್ಮ ಮಾವನವರು," ಎಂದರು. "ಅವರೇ. ಸಾರು ಆರಿದೆ ಅಂತ ಹೇಳೋಕೆ ಬಂದಾಗ ಹೀಗೇ ನಿಂತ್ಕೋತಿದ್ರು."

ಪರಲೋಕದಲ್ಲಿ ನೆಮ್ಮದಿಯಾಗಿದ್ದ ಮಾವನನ್ನು ಇನ್ನೂ ಐದು ಸಲ ಹೆಣೆಯಬೇಕಿತ್ತು, ಮತ್ತು ಕೈಯಲ್ಲಿದ್ದದ್ದು ಭಾನುವಾರ ಒಂದೇ.

ಭಾನುವಾರ ಬೆಳಿಗ್ಗೆ ಗಂಡ ತೋಳು ಮಡಿಸಿದ. ಅಂಗಡಿಗೆ ರಜೆ. ಹೆಂಡತಿಯ ಮುಖ ನೋಡಿ ಅವನಿಗೆ ನಿಜವಾಗಿಯೂ ಪಾಪ ಅನ್ನಿಸಿತ್ತು.

"ಇವತ್ತು ಅಡುಗೆಮನೆ ನಂದು. ನೀನು ಮೈ ನೋಡ್ಕೊ. ಒಂದು ದಿನದ ಮನೆಗೆಲಸ ತಾನೇ, ಗಡಿಯಾರಕ್ಕಿಂತ ಕಷ್ಟವಾ?"

ಉಣ್ಣೆಯಕ್ಕ ಕೋಣೆಯ ಮೂಲೆಯಲ್ಲಿ ಚಾಪೆ ಹಾಸಿ, ಗೋಡೆಗೆ ಒರಗಿ ಕೂತಳು. ಎಷ್ಟೋ ವರ್ಷದ ಮೇಲೆ ಬೆಳಗಿನ ಹೊತ್ತು ಕೂತಿದ್ದಳು. ಅಡುಗೆಮನೆಯಿಂದ ಮೊದಲ ಪ್ರಶ್ನೆ ಬಂತು. ಬೆಂಕಿಪೊಟ್ಟಣ ಎಲ್ಲಿ? ಹೇಳಿದಳು. ಸಣ್ಣ ಪಾತ್ರೆ ಎಂದರೆ ಯಾವ ಸಣ್ಣ? ಹೇಳಿದಳು. ಹಾಲು ಉಕ್ಕುತ್ತಿದೆ, ಏನು ಮಾಡಲಿ? ಒಲೆ ಆರಿಸಿ ಎಂದಳು. ಗಂಡ ಅಡುಗೆಮನೆಯನ್ನು ಗಡಿಯಾರವೆಂದೇ ತಿಳಿದಿದ್ದ. ಕೆಲಸ ಶುರುಮಾಡುವ ಮೊದಲು ಬಿಚ್ಚಿ ನೋಡಬೇಕೆಂದು ಶೆಲ್ಫಿನ ಡಬ್ಬಿಗಳನ್ನೆಲ್ಲ ಇಳಿಸಿ, ಮುಚ್ಚಳ ತೆಗೆದು, ನೆಲದ ಮೇಲೆ ಸಾಲಾಗಿ ಜೋಡಿಸಿದ. ಗಡಿಯಾರವಾದರೆ ಬಿಚ್ಚಿದ ಕ್ರಮದಲ್ಲೇ ಮತ್ತೆ ಕೂರುತ್ತದೆ. ಡಬ್ಬಿಗಳು ಹಾಗಲ್ಲ, ಕಿಡಿಗೇಡಿಗಳು. ಯಾವ ಮುಚ್ಚಳವೂ ಯಾವ ಡಬ್ಬಿಯನ್ನೂ ಗುರುತು ಹಿಡಿಯಲಿಲ್ಲ.

ಇತ್ತ ಚಾಪೆಯ ಮೇಲೆ ಅವಳಿಗೆ ಗೊತ್ತಿಲ್ಲದ್ದೊಂದು ನಡೆಯುತ್ತಿತ್ತು. ಬಟ್ಟೆ ಹೆಣೆಯುವಾಗ ಕಣ್ಣು ಅಲ್ಲೇ ಇರಬೇಕು. ಕಾಜಾ ತಪ್ಪುತ್ತದೆ, ಬಣ್ಣ ಬದಲಾಗುತ್ತದೆ. ಮೈಗೆ ಅದೇನೂ ಬೇಡ. ಕೈ ತನ್ನಷ್ಟಕ್ಕೆ ಸುತ್ತುತ್ತದೆ, ಮನಸ್ಸನ್ನು ಬಾಗಿಲು ತೆಗೆದು ಹೊರಗೆ ಬಿಡುತ್ತದೆ. ಸುತ್ತು, ಸುತ್ತು, ಸುತ್ತು. ಗೋಡೆಯ ಮೇಲಿನ ಬಿಸಿಲು ಬಿಸ್ಕತ್ತಿನ ಬಣ್ಣಕ್ಕೆ ತಿರುಗಿತು. ಅದು ಹರಿಯತೊಡಗಿ ನದಿಯಾಯಿತು. ಉಣ್ಣೆಯಕ್ಕ ದಾರ ಕಟ್ಟಿದ ಬೂಟಿನಲ್ಲಿ ಕೂತು ಆ ನದಿಯಲ್ಲಿ ತೇಲಿ ಹೋದಳು. ದಡದ ಮೇಲೆ ಕೋಟು ತೊಟ್ಟ ಬಾಟಲಿಗಳು ನಿಂತು ಕೈ ಬೀಸಿದವು. ಯಾರೂ ಅವಳನ್ನು ಎಲ್ಲಿಗೆ ಎಂದು ಕೇಳಲಿಲ್ಲ, ಯಾವಾಗ ಬರುತ್ತೀ ಎಂದೂ ಕೇಳಲಿಲ್ಲ. ನೀರಿಗೆ ಸದ್ದಿರಲಿಲ್ಲ. ಅವಳು ಕೈ ಇಳಿಬಿಟ್ಟರೆ ನದಿ ಬೆಚ್ಚಗೆ ಬೆರಳು ಹಿಡಿದುಕೊಂಡಿತು.

"ಇದರಲ್ಲಿ ಸಕ್ಕರೆ ಯಾವುದು, ಉಪ್ಪು ಯಾವುದು?"

ಕಣ್ಣು ಬಿಟ್ಟಳು. ಗಂಡ ಎರಡು ಡಬ್ಬಿ ಹಿಡಿದು ನಿಂತಿದ್ದ. ಅವನ ಕಣ್ಣು ಅವಳ ಮೇಲಿರಲಿಲ್ಲ, ನೆಲದ ಮೇಲಿತ್ತು. ಮೂರನೆಯ ಗೊಂಬೆಯ ಎಡಗಾಲು ಅವಳ ಮಂಡಿಯಿಂದ ಇಳಿದು, ಚಾಪೆ ದಾಟಿ, ಹೊಸಿಲು ದಾಟಿ, ನಡುಮನೆಗೆ ಹೋಗಿತ್ತು. ಅಲ್ಲಿ ಚಿನಕುರಳಿ ಅದನ್ನು ಕೊರಳಿಗೆ ಸುತ್ತಿಕೊಂಡು ಆಡುತ್ತಿದ್ದಳು. ಉಳಿದ ತುದಿ ಕುರ್ಚಿಯಲ್ಲಿ ಕೂತ ಅತ್ತೆಯ ಮಂಡಿಯ ಮೇಲಿತ್ತು.

"ಬೆಚ್ಚಗಿದೆ," ಎಂದರು ಅತ್ತೆ. "ಬಿಚ್ಚಬೇಡ."

ಬಿಚ್ಚಿದಳು. ಬಿಚ್ಚಿದ ಉಣ್ಣೆಯಿಂದ ಉಳಿದ ಗೊಂಬೆಗಳ ಕೈಕಾಲು ಪೂರ್ತಿಯಾಗಿ, ಇನ್ನೂ ಒಂದು ಉಂಡೆ ಮಿಕ್ಕಿತು. ತುಂಬಲು ತಂದಿದ್ದ ಹತ್ತಿ ಮಾತ್ರ ನಾಲ್ಕನೆಯ ಹೊಟ್ಟೆಗೇ ಮುಗಿಯಿತು. ಬಾಟಲಿ ಹೊಟ್ಟೆಗಳು, ಎಷ್ಟು ತುಂಬಿದರೂ ಹಸಿವೆನ್ನುತ್ತಿದ್ದವು. ಭಾನುವಾರ ಹತ್ತಿಯಂಗಡಿ ಮುಚ್ಚಿತ್ತು. ಗಂಡ ಏನೋ ಹೊಳೆದವನಂತೆ ತಾಯಿಯ ದಿಂಬಿನ ಕಡೆ ನೋಡಿದ. ದಿಂಬಿನ ಹೊಲಿಗೆ ಬಿಚ್ಚಿ ಹತ್ತಿ ತೆಗೆದರು. ಅದು ಹಪ್ಪಳವಾಗಿ ಮಂಚಕ್ಕೆ ಮರಳಿದಾಗ ಅತ್ತೆ, ಕುತ್ತಿಗೆಯಿಲ್ಲದವರಿಗಾಗಿ ನನ್ನ ಕುತ್ತಿಗೆ ಬಲಿಯಾಯಿತಲ್ಲ ಎಂದು ನಿಟ್ಟುಸಿರು ಬಿಟ್ಟರು.

ಅಂದಿನ ಊಟದಲ್ಲಿ ಸಕ್ಕರೆಯಿತ್ತು, ಚಹಾದಲ್ಲಿ ಉಪ್ಪಿತ್ತು. ಗಂಡ ನೆಲದ ಡಬ್ಬಿಗಳ ನಡುವೆ ಗೋಡೆಗೊರಗಿ ಕೂತು, ಈ ಕೆಲಸಕ್ಕೆ ಗಡಿಯಾರದ ಹಾಗೆ ಒಂದು ಕೀಲಿಯಾದರೂ ಇರಬಾರದಿತ್ತೇ ಎಂದ.

ಸೋಮವಾರ ಬೆಳಿಗ್ಗೆ ಮೇಡಂ ಬಂದರು. ಮೇಜಿನ ಮೇಲೆ ಮಾವನವರು ಅರ್ಧ ಡಜನ್, ಲಂಗದಲ್ಲಿ ಒಬ್ಬರು, ಮಳೆಕೋಟಿನಲ್ಲಿ ಒಬ್ಬರು, ಪಟ್ಟೆ ಚಡ್ಡಿಯಲ್ಲಿ ಉಳಿದವರು, ಸಭೆ ಸೇರಿದಂತೆ ನಿಂತಿದ್ದರು. ಮೇಡಂ ಬಾಗಿಲಲ್ಲೇ ನಿಂತರು.

"ಇವರು..." ಎಂದು ತಡವರಿಸಿದರು.

"ನಮ್ಮ ಮನೆತನದವರು," ಎಂದರು ಅತ್ತೆ.

ಮೇಡಂ ಮುಖದಲ್ಲಿ ಏನೂ ತೋರಿಸಲಿಲ್ಲ. ಅಂಗಿಯ ಗುಂಡಿಯೊಂದನ್ನು ಬಿಚ್ಚಿ ಹಾಕಿ ನೋಡಿದರು, ಬಟ್ಟೆ ಬಲು ಚೆಂದ ಎಂದರು, ಮಕ್ಕಳಿಗೆ ಕೊಟ್ಟು ನೋಡಿ ಹೇಳುತ್ತೇನೆಂದು ಚೀಲಕ್ಕೆ ತುಂಬಿಕೊಂಡು ಹೋದರು. ಚೆಂದ ಎಂದದ್ದು ಬಟ್ಟೆಗೆ ಮಾತ್ರ ಎಂಬುದು ಉಣ್ಣೆಯಕ್ಕನಿಗೆ ಚೆನ್ನಾಗಿ ಗೊತ್ತಾಯಿತು. ಆ ವಾರವೆಲ್ಲ ಅವಳ ಕೈಯಿಂದ ಪಾತ್ರೆ ಜಾರಿತು. ಮಗಳನ್ನು ಕೇಳಿದರೆ, ಗೊಂಬೆ ಚೆನ್ನಾಗಿದೆ, ನನಗೆ ಸರದಿ ಸಿಗಲ್ಲ ಎಂದಷ್ಟೇ ಹೇಳಿ ಬೇರೆ ಮಾತಿಗೆ ಹಾರುತ್ತಿದ್ದಳು. ಒಂದು ಸಲ ಕೇಳಿದ್ದಕ್ಕೆ ದಿನವಿಡೀ ಉತ್ತರ ಕೊಡುವ ಹುಡುಗಿ, ಬೇಕಾದಾಗ ಇಷ್ಟೇ.

ವಾರದ ಕೊನೆಗೆ, ಬಿಸಿಲು ನೆತ್ತಿಯಿಂದ ಇಳಿಯುತ್ತಿದ್ದ ಹೊತ್ತಿನಲ್ಲಿ ಮೇಡಂ ಏದುಸಿರು ಬಿಡುತ್ತ ಬಂದರು. ಮಕ್ಕಳು ಊಟ ಮಾಡಿ ಮಲಗಿದ್ದರು, ಆಯಾಳನ್ನು ಕೂರಿಸಿ ಓಡಿ ಬಂದಿದ್ದರು. ಕೈಯಲ್ಲಿ ಚೀಲವಿತ್ತು. ಚೀಲದೊಳಗೆ ಅಂಗಿ, ಲಂಗ, ಕೋಟು, ಚಡ್ಡಿ, ಬೂಟು, ಎಲ್ಲ ಒಗೆದು ಮಡಿಸಿದ್ದವು.

ಉಣ್ಣೆಯಕ್ಕ ಚೀಲದೊಳಗೆ ಇಣುಕಿದಳು. "ಹಿಡಿಸಲಿಲ್ವಾ?"

"ಬಿಚ್ಚೋದನ್ನ ಮೊದಲ ದಿನವೇ ಕಲಿತರು. ಹಾಕೋಕೆ ಒಬ್ಬರೂ ತಯಾರಿಲ್ಲ. ಗುಂಡಿ ಚುಚ್ಚುತ್ತಂತೆ. ಬರೀ ಮೈ ಗೊಂಬೇನ ತಬ್ಕೊಂಡು ಮಲಗ್ತಾರೆ. ಆ ಹೊಟ್ಟೆ ಮೇಲೆ ತಲೆ ಇಟ್ಕೋತಾರೆ. ಕಾಲು ಹಿಡ್ಕೊಂಡು ಊರೆಲ್ಲ ಎಳೀತಾರೆ. ಕುತ್ತಿಗೆ ಇಲ್ಲವಲ್ಲ, ತಲೆ ಕಿತ್ತುಹೋಗೋ ಭಯವೂ ಇಲ್ಲ. ದಿನಾ ಜಗಳ ಬಿಡಿಸಿ ಸಾಕಾಗಿದೆ ನನಗೆ. ಮಗುವಿಗೊಂದು ಬೇಕು."

"ಬಟ್ಟೆ?"

"ಬಟ್ಟೆ ಬೇಡ. ಬರೀ ಮೈ."

ಉಣ್ಣೆಯಕ್ಕ ಮಂಜಿನ ಬಣ್ಣದ ಲಂಗವನ್ನು ಚೀಲದಿಂದ ತೆಗೆದು ನೋಡಿದಳು. ಆ ಹಸಿರು ಬಳ್ಳಿಗೆ ಎಷ್ಟು ಬೆಳಗುಗಳು ಹೋಗಿದ್ದವೋ. ನಗಬೇಕೋ ಅಳಬೇಕೋ ತಿಳಿಯದೆ ಕೊನೆಗೆ ನಕ್ಕಳು, ಮೇಡಂ ಕೂಡ ನಕ್ಕರು.

"ಇನ್ನೊಂದು ಮಾತು," ಎಂದರು ಮೇಡಂ. "ಇಲ್ಲಿ ಕೂತು ಹೆಣೀಬೇಡಿ, ಅಲ್ಲಿಗೇ ಬನ್ನಿ. ಕಿಟಕಿ ಹತ್ರ ಕುರ್ಚಿ ಹಾಕಿಸ್ತೀನಿ. ಈ ಗೊಂಬೆ ಹೇಗೆ ಆಗುತ್ತೆ ಅಂತ ಮಕ್ಕಳು ನನ್ನ ಜೀವ ತಿಂತಿದ್ದಾರೆ. ನೋಡ್ಲಿ. ದಿನಾ ಮಧ್ಯಾಹ್ನ, ಅವರು ಎದ್ದಾಗಿಂದ ಸಂಜೆ ಬಿಡೋವರೆಗೂ. ಇವತ್ತಿಂದಲೇ ಬಂದ್ರೆ ಸರಿ. ಇಲ್ಲ ಅಂದ್ರೆ ಅಂಗಡಿ ಗೊಂಬೆ ತರಿಸಿಬಿಡ್ತೀನಿ, ಜಗಳ ತಡೆಯೋಕಾಗ್ತಿಲ್ಲ."

ಮನೇಲಿ ಕೇಳಿ ಹೇಳ್ತೀನಿ ಎಂಬ ಮಾತು ಉಣ್ಣೆಯಕ್ಕನ ಬಾಯಿಂದ ತಾನಾಗಿಯೇ ಹೊರಬಿತ್ತು. ಮೇಡಂ ತಲೆಯಾಡಿಸಿ, ಮಕ್ಕಳು ಏಳುವಷ್ಟರಲ್ಲಿ ಸೇರಿಕೊಳ್ಳಬೇಕೆಂದು ಬಿರಬಿರನೆ ನಡೆದರು.

ಮನೆ ನಿದ್ದೆಯಲ್ಲಿತ್ತು. ಊಟಕ್ಕೆ ಬಂದ ಗಂಡ ಅಂಗಿಯ ಮೇಲಿನ ಗುಂಡಿ ಬಿಚ್ಚಿಕೊಂಡು ಚಾಪೆಯ ಮೇಲೆ ಮಲಗಿದ್ದ. ಅವನು ಏಳುವ ಹೊತ್ತಿಗೆ ಚಹಾ ಆಗಬೇಕು. ಅತ್ತೆ ಹಪ್ಪಳದಂಥ ದಿಂಬಿನ ಮೇಲೆ ಕೆನ್ನೆಯೊತ್ತಿ ಸಣ್ಣಗೆ ಗೊರಕೆ ಹೊಡೆಯುತ್ತಿದ್ದರು. ಅವರಿಗೆ ಔಷಧಿ ಆಗಬೇಕು. ತಂತಿಯ ಮೇಲೆ ಒಣಗಿದ ಬಟ್ಟೆ ಗಾಳಿಗೆ ನಿಧಾನ ಉಬ್ಬಿ ಇಳಿಯುತ್ತಿತ್ತು. ಅದನ್ನು ತೆಗೆದು ಮಡಿಸಬೇಕು. ಗಂಡನನ್ನು ಕೇಳಿದರೆ ಅಮ್ಮನನ್ನು ಕೇಳು ಎನ್ನುತ್ತಾನೆ. ಅತ್ತೆಯನ್ನು ಕೇಳಿದರೆ ಅವನನ್ನು ಕೇಳು ಎನ್ನುತ್ತಾರೆ. ಇಬ್ಬರ ನಡುವೆ ಅವಳ ಮಾತು ಗಡಿಯಾರದ ಲೋಲಕದಂತೆ ಅತ್ತಿಂದಿತ್ತ ತೂಗುತ್ತ ಸಂಜೆಯಾಗುತ್ತದೆ. ಅಲ್ಲಿ ಕಿಟಕಿಯ ಬಳಿ ಮಕ್ಕಳು ಒಬ್ಬೊಬ್ಬರಾಗಿ ಕಣ್ಣುಜ್ಜಿಕೊಳ್ಳುತ್ತ ಏಳುತ್ತಿರಬೇಕು.

ಮಿಕ್ಕಿದ್ದ ಬಿಸ್ಕತ್ತಿನ ಬಣ್ಣದ ಉಂಡೆಯನ್ನು ಅವಳು ಕಂಕುಳಿಗೆ ಸಿಕ್ಕಿಸಿಕೊಂಡಳು. ಬಟ್ಟೆಯ ಚೀಲವನ್ನು ಮೂಲೆಗೆ ಸರಿಸಿದಳು. ಕೇಳಲೇಬೇಕೆಂದರೆ ಯಾರನ್ನಾದರೂ ಎಬ್ಬಿಸಬೇಕಿತ್ತು. ಈ ಮನೆಯವರನ್ನು ಎಬ್ಬಿಸುವುದು ಅವಳ ಬೆಳಗಿನ ಕೆಲಸ.

ಈಗ ಮಧ್ಯಾಹ್ನ. ಅವಳು ಚಪ್ಪಲಿ ಮೆಟ್ಟಿಕೊಂಡಳು.